ಕಡಲಾಚೆ ಸಂಸಾರ ಹೂಡಿದ ಆಫ್ರಿಕದ ಅಕ್ಕತಂಗಿಯರು

ನಾವು ಮುದ್ದೆ ಕಟ್ಟುವ, ರೊಟ್ಟಿ ತಟ್ಟುವ, ಎಳೆ ಮಗುವಿಗೆ ಸರಿ ಕಾಯಿಸಿ ತಿನ್ನಿಸುವ ರಾಗಿಯ ತವರುಮನೆ ಯಾವುದು, ಹೇಳಿ ನೋಡೋಣ? ಕೋಲಾರವೂ ಅಲ್ಲ, ತುಮಕೂರೂ ಅಲ್ಲ. ಪೂರ್ವ ಆಫ್ರಿಕದ ಎತ್ತರದ ನಾಡು. ಇಥಿಯೋಪಿಯ, ಉಗಾಂಡದ ಕಡೆ. ಸಾವಿರಾರು ವರ್ಷಗಳ ಹಿಂದೆ ಅಲ್ಲಿಂದ ಬಂದ ಕಾಳು ನಮ್ಮ ಮಣ್ಣಿಗೆ ಹೊಂದಿಕೊಂಡು ನಮ್ಮದೇ ಆಗಿಹೋಯಿತು. ಇಷ್ಟು ಹಳೆಯ ನಂಟಿರುವ ನಾಡಿನ ಹೆಂಗಸರ ವಿಷಯ ನಮಗೆಷ್ಟು ಗೊತ್ತು? ಆಫ್ರಿಕ ಅಂದಕೂಡಲೇ ಸಿಂಹ, ಜಿರಾಫೆ, ಬರಗಾಲ ಇಷ್ಟೇ ಅಲ್ಲವೇ ನಮ್ಮ ಕಣ್ಣ ಮುಂದೆ ಬರುವುದು?

ಆ ದೊಡ್ಡ ಖಂಡದ ಲಕ್ಷಾಂತರ ಹೆಂಗಸರು ಇಂದು ತವರು ಬಿಟ್ಟು ಲಂಡನ್, ನ್ಯೂಯಾರ್ಕ್, ಟೊರಾಂಟೊ, ಮಿನಿಯಾಪೊಲಿಸ್‌ನಂಥ ಚಳಿಯ ಊರುಗಳಲ್ಲಿ ಸಂಸಾರ ಹೂಡಿದ್ದಾರೆ. ನೈಜೀರಿಯ, ಘಾನಾ, ಜಿಂಬಾಬ್ವೆಗಳಿಂದ ನರ್ಸುಗಳಾಗಿ ಹೋದವರಿದ್ದಾರೆ. ಗಂಡನ ಹಿಂದೆ ಹೋದವರಿದ್ದಾರೆ. ಓದಬೇಕೆಂದು ಒಬ್ಬರೇ ಹೋದವರಿದ್ದಾರೆ. 1991ರಲ್ಲಿ ಸೊಮಾಲಿಯದಲ್ಲಿ ಸರ್ಕಾರವೇ ಕುಸಿದು ಬಿದ್ದು, ಬೀದಿ ಬೀದಿಯಲ್ಲಿ ಗುಂಡು ಹಾರತೊಡಗಿದಾಗ ಮಕ್ಕಳನ್ನು ಕಂಕುಳಲ್ಲಿ ಎತ್ತಿಕೊಂಡು ಓಡಿದವರೂ ಇದ್ದಾರೆ.

"ಅದಕ್ಕೆ ನಮಗೇನ್ರೀ?" ಅಂತೀರಾ? ತಾಳಿ. ನಮ್ಮ ಊರುಗಳಿಂದಲೂ ಹೆಣ್ಣುಮಕ್ಕಳು ಅದೇ ಲಂಡನ್ನಿಗೆ, ಅದೇ ಅಮೆರಿಕಕ್ಕೆ ಹೋಗಿದ್ದಾರೆ. ಹೋಗದೆ ಇಲ್ಲೇ ಇರುವ ನಮಗೂ ಹೊರೆಗಳು ಅವೇ. ಹೆಂಗಸು ನೀರು ತರುವಾಗ ತಲೆಯ ಮೇಲೊಂದು ಕೊಡ, ಸೊಂಟದಲ್ಲೊಂದು ಕೊಡ, ಕೈಯಲ್ಲೊಂದು ತಂಬಿಗೆ ಹಿಡಿಯುತ್ತಾಳಲ್ಲ, ಹಾಗೆ ಈ ಸೋದರಿಯರು ಮೂರು ಹೊತ್ತಿದ್ದಾರೆ. ಒಂದು ದುಡಿಮೆ, ಇನ್ನೊಂದು ದೇವರು, ಮೂರನೆಯದು ತಾನು. ಎಡವಿದಾಗ ಮೊದಲು ಚೆಲ್ಲಿಹೋಗುವುದು ಕೈಯಲ್ಲಿನ ಆ ತಂಬಿಗೆ. ತನ್ನ ಓದು, ತನ್ನ ಆಸೆ, ತನ್ನ ಬೆಳವಣಿಗೆ. ಅದನ್ನು ಚೆಲ್ಲದಂತೆ ಅವರು ಹೇಗೆ ಉಳಿಸಿಕೊಂಡರು ಎನ್ನುವುದೇ ನಾನಿಲ್ಲಿ ಹೇಳಹೊರಟ ಸಂಗತಿ.

ಸರ್ಟಿಫಿಕೇಟಿಗೆ ಬೆಲೆಯಿಲ್ಲದ ಊರಿನಲ್ಲಿ

ಊರಿನಲ್ಲಿ ಟೀಚರಾಗಿದ್ದವಳು, ಬ್ಯಾಂಕಿನಲ್ಲಿ ಲೆಕ್ಕ ಬರೆಯುತ್ತಿದ್ದವಳು ಹೊಸ ದೇಶಕ್ಕೆ ಬಂದಳು ಅನ್ನಿ. ಅವಳ ಸರ್ಟಿಫಿಕೇಟು ನೋಡಿ ಅಲ್ಲಿಯವರು "ಇದು ಇಲ್ಲಿ ನಡೆಯುವುದಿಲ್ಲ" ಎನ್ನುತ್ತಾರೆ. ನರ್ಸ್ ಆಗಿದ್ದವಳೂ ಮತ್ತೆ ಪರೀಕ್ಷೆ ಕಟ್ಟಿ, ಮತ್ತೆ ಹೆಸರು ನೋಂದಾಯಿಸಿಕೊಳ್ಳಬೇಕು. ಅಲ್ಲಿಯವರೆಗೆ ಹೊಟ್ಟೆಪಾಡು? ವೃದ್ಧರ ಮನೆಗಳಲ್ಲಿ ಮುದುಕರಿಗೆ ಸ್ನಾನ ಮಾಡಿಸುವುದು, ಹಾಸಿಗೆ ಬದಲಿಸುವುದು, ಆಸ್ಪತ್ರೆಯ ರಾತ್ರಿ ಪಾಳಿ, ಆಫೀಸುಗಳ ನೆಲ ಒರೆಸುವುದು. ಕೆಲಸದಲ್ಲಿ ಮೇಲು ಕೀಳಿಲ್ಲ, ನಿಜ. ಆದರೆ ಹದಿನೈದು ವರ್ಷ ಕಲಿತ ವಿದ್ಯೆ ಪೆಟ್ಟಿಗೆಯ ತಳ ಸೇರಿದಾಗ ಮನಸ್ಸಿಗೆ ಆಗುವ ನೋವು ಸಣ್ಣದಲ್ಲ.

ಬ್ರಿಟನ್ನಿನ ಕಥೆ ಕೇಳಿ. ಮುದುಕರನ್ನು ನೋಡಿಕೊಳ್ಳಲು ಜನ ಸಾಲದೆ 2022ರಲ್ಲಿ ಆ ದೇಶ ಹೊರಗಿನ ಆರೈಕೆ ಕೆಲಸಗಾರರಿಗೆ ವೀಸಾದ ಬಾಗಿಲು ತೆರೆಯಿತು. ನೈಜೀರಿಯ, ಜಿಂಬಾಬ್ವೆ, ಘಾನಾಗಳಿಂದ ಸಾವಿರಾರು ಹೆಂಗಸರು ಹೋದರು. 2024ರ ಮಾರ್ಚ್ 11ರಿಂದ, ಹೊಸದಾಗಿ ಬರುವ ಆರೈಕೆ ಕೆಲಸಗಾರರು ಗಂಡ ಮಕ್ಕಳನ್ನು ಕರೆತರುವಂತಿಲ್ಲ ಎಂದು ನಿಯಮವಾಯಿತು. 2025ರ ಜುಲೈ 22ರಿಂದ ಹೊರದೇಶದಿಂದ ಹೊಸಬರನ್ನು ಈ ಕೆಲಸಕ್ಕೆ ಕರೆಸುವುದನ್ನೇ ನಿಲ್ಲಿಸಿದರು. ಬೇರೆಯವರ ತಾಯಿಯ ಸೇವೆ ಮಾಡಲು ಬಂದವಳು ತನ್ನ ಮಗುವನ್ನು ಊರಲ್ಲಿ ಅಜ್ಜಿಯ ಹತ್ತಿರ ಬಿಟ್ಟಿರಬೇಕು. ಮಗುವಿನ ಮುಖ ಫೋನಿನಲ್ಲಿ ನೋಡಬೇಕು. ತಾಯಂದಿರಾದ ನಿಮಗೆ ಇದನ್ನು ಬಿಡಿಸಿ ಹೇಳಬೇಕೇ?

ಇಷ್ಟು ದುಡಿದು ಊರಿಗೆ ಕಳಿಸುವುದೂ ಉಂಟು. ತಮ್ಮನ ಫೀಸು, ಅಪ್ಪನ ಔಷಧಿ, ಚಿಕ್ಕಮ್ಮನ ಮನೆಯ ಮಾಡು, ಎಲ್ಲರ ಕಣ್ಣೂ ಇವಳ ಮೇಲೆಯೇ. ವಿಶ್ವಬ್ಯಾಂಕಿನ ಲೆಕ್ಕದಂತೆ, ಸಹಾರ ಮರುಭೂಮಿಯ ದಕ್ಷಿಣದ ಆಫ್ರಿಕಕ್ಕೆ ಹಣ ಕಳಿಸುವ ಖರ್ಚು ಪ್ರಪಂಚದ ಬೇರೆಲ್ಲ ಕಡೆಗಿಂತ ಹೆಚ್ಚು. 2023ರಲ್ಲಿ 200 ಡಾಲರ್ ಕಳಿಸಿದರೆ ನೂರಕ್ಕೆ ಸುಮಾರು 8ರಂತೆ, ಅಂದರೆ 16 ಡಾಲರಿನಷ್ಟು, ದಾರಿಯಲ್ಲೇ ಹೋಗುತ್ತಿತ್ತು. ಅಷ್ಟು ಬೆವರು ಹಾಗೇ ಕರಗಿದಂತೆ.

ಹಾಗಂತ ಎಲ್ಲರೂ ತಲೆ ಬಗ್ಗಿಸಿಕೊಂಡೇ ಇರಲಿಲ್ಲ. ಸಿಯೆರಾ ಲಿಯೋನ್ ದೇಶದ ಜೆಸ್ಟಿನಾ ಕ್ಲೇಟನ್ ಎಂಬುವರ ವಿಷಯ ಕೇಳಿದರೆ ನಿಮಗೂ ಹುರುಪು ಬಂದೀತು. ನಮ್ಮಲ್ಲಿ ಹುಡುಗಿಯರು ಚಿಕ್ಕಂದಿನಲ್ಲೇ ಜಡೆ ಹಾಕುವುದು, ಹೂ ಕಟ್ಟುವುದು ಕಲಿಯುವ ಹಾಗೆ ಅಲ್ಲಿ ಹುಡುಗಿಯರು ಗುಂಗುರು ಕೂದಲನ್ನು ಸಣ್ಣ ಸಣ್ಣ ಜಡೆಗಳಾಗಿ ಹೆಣೆಯುವುದು ಕಲಿಯುತ್ತಾರೆ. ಒಂದು ತಲೆಗೆ ಐದಾರು ಗಂಟೆ ಹಿಡಿಯುವುದೂ ಉಂಟು. ಯುದ್ಧದ ನಾಡು ಬಿಟ್ಟು ಅಮೆರಿಕಕ್ಕೆ ಬಂದ ಜೆಸ್ಟಿನಾ, ಯೂಟಾ ರಾಜ್ಯದಲ್ಲಿ ಮನೆಯಲ್ಲೇ ಮಕ್ಕಳನ್ನು ನೋಡಿಕೊಳ್ಳುತ್ತಾ ಈ ಜಡೆ ಕೆಲಸದಿಂದ ನಾಲ್ಕು ಕಾಸು ಸಂಪಾದಿಸುತ್ತಿದ್ದರು. ಸೌಂದರ್ಯ ಶಾಲೆಯಲ್ಲಿ 2,000 ಗಂಟೆ ಕಲಿತು ಲೈಸೆನ್ಸ್ ತಗೊಳ್ಳದೆ ಇದನ್ನು ಮಾಡುವಂತಿಲ್ಲ ಎಂದಿತು ಅಲ್ಲಿಯ ಕಾನೂನು. ತಮಾಷೆ ಏನೆಂದರೆ, ಆ ಶಾಲೆಗಳಲ್ಲಿ ಇವರ ಜಡೆಯನ್ನು ಹೆಚ್ಚುಕಡಿಮೆ ಕಲಿಸುವುದೇ ಇಲ್ಲ! ಜೆಸ್ಟಿನಾ ಸುಮ್ಮನಾಗಲಿಲ್ಲ, ಕೋರ್ಟಿಗೆ ಹೋದರು. 2012ರ ಆಗಸ್ಟ್‌ನಲ್ಲಿ ನ್ಯಾಯಾಲಯ, ಈ ಕೆಲಸಕ್ಕೆ ಆ ನಿಯಮ ಹೊಂದುವುದಿಲ್ಲವೆಂದು ತೀರ್ಪು ಕೊಟ್ಟಿತು. ಅಜ್ಜಿ ಅಮ್ಮಂದಿರಿಂದ ಬಂದ ಕೈಕೆಲಸವನ್ನು ಕೋರ್ಟೂ ವಿದ್ಯೆಯೆಂದು ಒಪ್ಪಿದಂತಾಯಿತು.

ಚೀಟಿ ಅಲ್ಲೂ ಉಂಟು!

ಹೊಸ ದೇಶದಲ್ಲಿ ಬ್ಯಾಂಕಿನವರು ಸಾಲ ಕೊಡುವುದಿಲ್ಲ, ಹೆಸರು ಹೇಳಿ ಜಾಮೀನು ನಿಲ್ಲುವವರಿಲ್ಲ. ಹೊಲಿಗೆ ಯಂತ್ರಕ್ಕೆ, ಪರೀಕ್ಷೆ ಫೀಸಿಗೆ, ಊರಿಗೆ ಹೋಗುವ ಟಿಕೆಟ್ಟಿಗೆ ದುಡ್ಡೆಲ್ಲಿಂದ ಬರಬೇಕು? ನಾವಾದರೆ ಏನು ಮಾಡುತ್ತಿದ್ದೆವು? ಚೀಟಿ ಹಾಕುತ್ತಿದ್ದೆವು. ಅವರೂ ಅದನ್ನೇ ಮಾಡಿದರು!

ನೈಜೀರಿಯದ ಯೊರುಬಾ ಜನ ಇದನ್ನು ಎಸುಸು ಎನ್ನುತ್ತಾರೆ, ಘಾನಾದವರು ಸುಸು. ಇಥಿಯೋಪಿಯದಲ್ಲಿ ಇಕುಬ್, ಸೊಮಾಲಿಯದಲ್ಲಿ ಹಗ್ಬದ್, ಕ್ಯಾಮರೂನಿನಲ್ಲಿ ಎನ್‌ಜಾಂಗಿ. ಹೆಸರು ಬೇರೆ ಬೇರೆಯಾದರೂ ಕಟ್ಟು ಒಂದೇ. ಹತ್ತು ಮಂದಿ ಸೇರಿ ತಿಂಗಳಿಗೆ ತಲಾ 100 ಪೌಂಡು ಹಾಕಿದರೆ ಪ್ರತಿ ತಿಂಗಳೂ ಒಬ್ಬೊಬ್ಬರಿಗೆ 1,000 ಪೌಂಡು. ಬಡ್ಡಿಯಿಲ್ಲ, ಕಾಗದ ಪತ್ರದ ತಾಪತ್ರಯವಿಲ್ಲ. ನಮ್ಮ ಹರಾಜಿನ ಚೀಟಿಯಂತೆ ತಳ್ಳುವುದೂ ಇಲ್ಲ, ಸರದಿಯ ಚೀಟಿಯಂತೆ ಪೂರಾ ಹಣ ಕೈಗೆ ಬರುತ್ತದೆ. ಬಡ್ಡಿ ನಿಷಿದ್ಧವೆಂದು ನಂಬುವ ಮುಸ್ಲಿಂ ಸೋದರಿಯರಿಗೆ ಇದು ಧರ್ಮಕ್ಕೂ ಒಪ್ಪಿಗೆ. ಯಾರ ಮನೆಯಲ್ಲಿ ಕಷ್ಟವಿದೆಯೋ ಅವರಿಗೆ ಮೊದಲ ಸರದಿ ಬಿಟ್ಟುಕೊಡುವುದೂ ಉಂಟು.

ಇಥಿಯೋಪಿಯದವರಲ್ಲಿ ಇದ್ದಿರ್ ಎಂಬ ಇನ್ನೊಂದು ಕೂಟ. ಸಾವಿನ ಮನೆಗೆಂದೇ ಕಟ್ಟಿಕೊಂಡದ್ದು. ತಿಂಗಳು ತಿಂಗಳು ಸ್ವಲ್ಪ ಸ್ವಲ್ಪ ಹಾಕುತ್ತಾ ಹೋಗುತ್ತಾರೆ. ಯಾರದಾದರೂ ಮನೆಯಲ್ಲಿ ಸಾವಾದರೆ ಖರ್ಚಿಗೆ ಹಣ, ಬಂದವರಿಗೆ ಅಡಿಗೆ, ಜೊತೆಯಲ್ಲಿ ಕೂತು ಅಳಲು ಜನ, ಮೂರೂ ಒದಗುತ್ತವೆ. ಪರದೇಶದಲ್ಲಿ ಒಂಟಿ ಸಾವಿನಷ್ಟು ಹೆದರಿಸುವುದು ಇನ್ನೊಂದಿಲ್ಲ. ಆ ಹೆದರಿಕೆಗೆ ಅವರು ಊರಿನಿಂದಲೇ ಮದ್ದು ಕಟ್ಟಿಕೊಂಡು ಹೋದರು. ಹತ್ತು ಜನಕ್ಕೆ ಹುಲ್ಲುಕಡ್ಡಿ, ಒಬ್ಬರಿಗೆ ತಲೆಹೊರೆ ಎಂಬ ನಮ್ಮ ಹಿರಿಯರ ಮಾತು ಅವರಿಗೂ ಗೊತ್ತಿತ್ತು ಅನ್ನಿಸುವುದಿಲ್ಲವೇ?

ತವರಿಲ್ಲದೆ ಬಾಣಂತನ

ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೋಗಿ ಬಂದ ತಾಯಂದಿರು ಈಗ ನಮ್ಮ ಸಣ್ಣ ಊರುಗಳಲ್ಲೂ ಇದ್ದಾರೆ. ಪೆಟ್ಟಿಗೆ ತುಂಬ ಮೆಣಸಿನಪುಡಿ, ಅಂಟಿನುಂಡೆ, ಬಾಣಂತಿ ಲೇಹ್ಯ ಹೊತ್ತುಕೊಂಡು ಹೋಗುತ್ತಾರೆ. ನೈಜೀರಿಯದ ಇಗ್ಬೋ ತಾಯಂದಿರು ಮಾಡುವುದೂ ಇದನ್ನೇ. ಅದಕ್ಕೆ ಅವರು ಒಮುಗ್ವೋ ಎನ್ನುತ್ತಾರೆ. ಮಗಳು ಹೆತ್ತಳೆಂದರೆ ತಾಯಿ ಹೊರಟಳೆಂದೇ ಲೆಕ್ಕ. ಮಗುವಿಗೆ ಎಣ್ಣೆ ತಿಕ್ಕಿ ಎರೆಯುವುದು, ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯಿಂದ ಬಾಣಂತಿಯ ಹೊಟ್ಟೆ ಒತ್ತುವುದು, ಖಾರ ಖಾರವಾದ ಮೆಣಸಿನ ಸಾರು ಮಾಡಿ ಕುಡಿಸುವುದು ಎಲ್ಲ ಅವಳದು. ಮೆಣಸಿನ ಸಾರು! ನಮ್ಮ ಬಾಣಂತಿಯರಿಗೂ ಅದೇ ಅಲ್ಲವೇ?

ಆದರೆ ತಾಯಿಗೆ ವೀಸಾ ಸಿಗದಿದ್ದರೆ? ಟಿಕೆಟ್ಟಿಗೆ ದುಡ್ಡಿಲ್ಲದಿದ್ದರೆ? ಆಗ ಚರ್ಚಿನ ಹೆಂಗಸರೋ ಊರಿನ ಕಡೆಯ ಗೆಳತಿಯರೋ ತಾಯಿಯ ಜಾಗದಲ್ಲಿ ನಿಲ್ಲುತ್ತಾರೆ. ಸೋಮವಾರ ಒಬ್ಬಳು ಸಾರು ತಂದರೆ ಬುಧವಾರ ಇನ್ನೊಬ್ಬಳು ಬಂದು ಮಗು ಎತ್ತಿಕೊಂಡು "ನೀನು ಎರಡು ಗಂಟೆ ಮಲಗು" ಎನ್ನುತ್ತಾಳೆ. ಇಂಥ ಹೆಂಗಸರು ಸಿಗದವಳ ಪಾಡು ಮಾತ್ರ ಬೇಡ. ಹೊರಗೆ ಹಿಮ, ಒಳಗೆ ಅಳುವ ಕೂಸು, ಗಂಡ ಪಾಳಿಗೆ ಹೋಗಿರುತ್ತಾನೆ. ಬಾಣಂತಿಯ ಮನಸ್ಸು ಕುಸಿಯುವುದು ಇಂಥ ಹೊತ್ತಿನಲ್ಲೇ.

ದೇವರನ್ನೂ ಜೊತೆಗೆ ಕರೆದೊಯ್ದವರು

ಊರು ಬಿಟ್ಟವರು ದೇವರನ್ನು ಬಿಡಲಿಲ್ಲ. ಇಥಿಯೋಪಿಯದ ಆರ್ಥೊಡಾಕ್ಸ್ ಕ್ರೈಸ್ತರ ಉಪವಾಸ ಕೇಳಿದರೆ ನಮ್ಮ ಏಕಾದಶಿ, ಸೋಮವಾರದ ಒಪ್ಪೊತ್ತು ನೆನಪಾಗುತ್ತವೆ. ಪ್ರತಿ ಬುಧವಾರ, ಶುಕ್ರವಾರ ಮಾಂಸ, ಮೊಟ್ಟೆ, ಹಾಲು ಯಾವುದೂ ಇಲ್ಲ. ಈಸ್ಟರ್ ಹಬ್ಬದ ಮುಂಚೆ 55 ದಿನ ಹೀಗೇ. ಆ ದಿನಗಳಲ್ಲಿ ಬೇಳೆ, ಕಡಲೆಹಿಟ್ಟಿನ ಗೊಜ್ಜು, ಸೊಪ್ಪಿನ ಪಲ್ಯ, ಜೊತೆಗೆ ಇಂಜೆರಾ. ಇಂಜೆರಾ ಎಂದರೆ ನಮ್ಮ ದೋಸೆಯ ಅಕ್ಕನೇ ಸರಿ. ಟೆಫ್ ಎಂಬ ಸಾಸಿವೆಗಿಂತ ಸಣ್ಣ ಕಾಳಿನ ಹಿಟ್ಟನ್ನು ಕಲಸಿ, ಎರಡು ಮೂರು ದಿನ ಹುಳಿ ಬರಿಸಿ, ಅಗಲ ಹೆಂಚಿನ ಮೇಲೆ ಹುಯ್ದು, ಮಗುಚದೆ ಒಂದೇ ಕಡೆ ಬೇಯಿಸುತ್ತಾರೆ. ರಾತ್ರಿ ಪಾಳಿ ಮುಗಿಸಿ ಬಂದ ಹೆಂಗಸು ಮಲಗುವ ಮುನ್ನ ಹಿಟ್ಟು ಕಲಸಿಟ್ಟು ಮಲಗುತ್ತಾಳೆ.

ಸೊಮಾಲಿ ಸೋದರಿಯರಿಗೆ ದಿನಕ್ಕೆ ಐದು ಹೊತ್ತಿನ ನಮಾಜು. ಕಾರ್ಖಾನೆಯ ಗಂಟೆಗೂ ನಮಾಜಿನ ಹೊತ್ತಿಗೂ ಹೊಂದುವುದಿಲ್ಲ. ಎಷ್ಟೋ ಕಡೆ ಈ ಐದು ನಿಮಿಷಕ್ಕಾಗಿ ಜಗಳಗಳೇ ಆಗಿವೆ, ಕೆಲಸ ಹೋಗಿದ್ದೂ ಇದೆ. ಆದರೆ ಅಮೆರಿಕದ 1964ರ ನಾಗರಿಕ ಹಕ್ಕುಗಳ ಕಾಯಿದೆ ಧರ್ಮದ ಕಾರಣಕ್ಕೆ ಕೆಲಸದಲ್ಲಿ ಭೇದ ಮಾಡಬಾರದೆನ್ನುತ್ತದೆ. ದೊಡ್ಡ ತೊಂದರೆಯಾಗದಿದ್ದರೆ ಮಾಲೀಕರು ಅನುಕೂಲ ಮಾಡಿಕೊಡಬೇಕು. ಈ ಕಾನೂನು ತಿಳಿದ ಹೆಂಗಸರು ಬಾಯಿಬಿಟ್ಟು ಕೇಳಿದರು. ಸೊಮಾಲಿಗಳು ಹೆಚ್ಚಾಗಿರುವ ಮಿನಿಯಾಪೊಲಿಸ್ ನಗರವು 2023ರ ಏಪ್ರಿಲ್‌ನಲ್ಲಿ ಐದು ಹೊತ್ತೂ ಆಜಾನ್ ಕೂಗಲು ಒಪ್ಪಿಗೆ ಕೊಟ್ಟಿತು. ಅಮೆರಿಕದ ದೊಡ್ಡ ನಗರಗಳಲ್ಲಿ ಅದೇ ಮೊದಲು.

ಅದೇ ಊರಿನ ಇಲ್ಹಾನ್ ಒಮರ್ 1982ರಲ್ಲಿ ಸೊಮಾಲಿಯದಲ್ಲಿ ಹುಟ್ಟಿದವರು. ತಾಯಿಯನ್ನು ಚಿಕ್ಕಂದಿನಲ್ಲೇ ಕಳೆದುಕೊಂಡು, ತಂದೆ ಮತ್ತು ಅಜ್ಜನ ಆರೈಕೆಯಲ್ಲಿ ಬೆಳೆದವರು. ಯುದ್ಧದಿಂದ ತಪ್ಪಿಸಿಕೊಂಡು ಕೀನ್ಯಾದ ನಿರಾಶ್ರಿತರ ಶಿಬಿರದಲ್ಲಿ ನಾಲ್ಕು ವರ್ಷ ಕಳೆದು 1995ರಲ್ಲಿ ಅಮೆರಿಕಕ್ಕೆ ಬಂದರು. 2018ರಲ್ಲಿ ಅಮೆರಿಕದ ಸಂಸತ್ತಿಗೆ ಆರಿಸಿಬಂದರು. ಸಭೆಯಲ್ಲಿ ತಲೆಯ ಮೇಲೆ ಏನೂ ಧರಿಸಬಾರದೆಂದು 1837ರಿಂದ ಒಂದು ನಿಯಮವಿತ್ತು. ಇವರ ತಲೆವಸ್ತ್ರಕ್ಕಾಗಿ 2019ರ ಜನವರಿಯಲ್ಲಿ ಅದನ್ನು ತಿದ್ದಿದರು. ಅವರ ರಾಜಕೀಯ ಕೆಲವರಿಗೆ ಹಿಡಿಸೀತು, ಕೆಲವರಿಗೆ ಹಿಡಿಸಲಿಕ್ಕಿಲ್ಲ. ಆದರೆ ತಲೆಯ ಸೆರಗು ತೆಗೆಯದೆಯೇ ಅಷ್ಟು ದೊಡ್ಡ ಬಾಗಿಲು ದಾಟಿದ್ದು ಸಣ್ಣ ಮಾತಲ್ಲ.

ಇಲ್ಲಿ ಒಂದು ಮಾತು ಹೇಳಲೇಬೇಕು. ದೇವರ ಮನೆಯೇ ಕೆಲವೊಮ್ಮೆ ಇನ್ನೊಂದು ಡ್ಯೂಟಿಯಾಗುತ್ತದೆ. ನೈಜೀರಿಯದ ಕ್ರೈಸ್ತರಲ್ಲಿ ಶುಕ್ರವಾರ ರಾತ್ರಿಯಿಡೀ ಜಾಗರಣೆ ಪ್ರಾರ್ಥನೆ ನಡೆಯುವುದುಂಟು. ಅದು ಮನಸ್ಸಿಗೆ ತಂಪು, ಊರಿನವರೆಲ್ಲ ಸಿಗುತ್ತಾರೆ. ಆದರೆ ಸಮಾರಾಧನೆಯ ಅಡಿಗೆ, ಹಾಡಿನ ಅಭ್ಯಾಸ, ಕುರ್ಚಿ ಜೋಡಿಸುವುದು, ಎಲ್ಲವೂ ಹೆಂಗಸರ ತಲೆಗೇ ಬಂದರೆ? ನಮ್ಮ ಹಬ್ಬಗಳಲ್ಲಿ ಒಬ್ಬಟ್ಟು ತಟ್ಟಿ ತಟ್ಟಿ ಮಂಗಳಾರತಿಯ ಹೊತ್ತಿಗೆ ನಾವು ಒಲೆಯ ಮುಂದೆಯೇ ಉಳಿಯುವುದಿಲ್ಲವೇ, ಹಾಗೆ. ಭಕ್ತಿ ಎಂದರೆ ಸೇವೆ ಮಾತ್ರವಲ್ಲ. ಕಣ್ಣು ಮುಚ್ಚಿ ಹತ್ತು ನಿಮಿಷ ಸುಮ್ಮನೆ ಕೂರುವುದೂ ಭಕ್ತಿಯೇ.

ಬೆಳಗಿನ ಜಾವದ ಬರಹಗಾರ್ತಿ

ಈಗ ಮೂರನೆಯ ತಂಬಿಗೆಯ ವಿಷಯ. ಬೂಚಿ ಎಮೆಚೆಟಾ ಎಂಬ ನೈಜೀರಿಯದ ಲೇಖಕಿಯ ಬದುಕು ತಿಳಿದರೆ, ಎಸ್.ಎಸ್.ಎಲ್.ಸಿ.ಗೆ ಓದು ನಿಂತ ನನ್ನಂಥವರಿಗೂ ಧೈರ್ಯ ಬರುತ್ತದೆ.

1944ರಲ್ಲಿ ಲಾಗೋಸ್ ನಗರದಲ್ಲಿ ಹುಟ್ಟಿದ ಅವರ ತಂದೆ ರೈಲ್ವೆ ನೌಕರರು. ಮೊದಲು ತಮ್ಮನನ್ನು ಶಾಲೆಗೆ ಸೇರಿಸಿದರು, ಹೆಣ್ಣುಮಗು ಮನೆಯಲ್ಲೇ ಇತ್ತು. ಹಟ ಹಿಡಿದು ಶಾಲೆ ಸೇರಿದ ಹುಡುಗಿ ವಿದ್ಯಾರ್ಥಿವೇತನ ಗಳಿಸಿ ಹೈಸ್ಕೂಲು ಓದಿದಳು. ಹದಿನಾರಕ್ಕೆ ಮದುವೆ. 1962ರಲ್ಲಿ ಗಂಡನನ್ನು ಸೇರಿಕೊಳ್ಳಲು ಮಕ್ಕಳೊಡನೆ ಲಂಡನ್ನಿಗೆ ಹೋದರು. ಇಪ್ಪತ್ತೆರಡರ ಹೊತ್ತಿಗೆ ನಾಲ್ಕು ಮಕ್ಕಳು, ಐದನೆಯದು ಹೊಟ್ಟೆಯಲ್ಲಿ. ಕಪ್ಪು ಜನರಿಗೆ ಬಾಡಿಗೆಗೆ ಮನೆ ಕೊಡುವುದಿಲ್ಲವೆಂದು ಬೋರ್ಡು ಹಾಕುತ್ತಿದ್ದ ಕಾಲ ಅದು.

ಇಷ್ಟರ ನಡುವೆ ಅವರು ಒಂದು ಕಾದಂಬರಿ ಬರೆದರು. ಗಂಡ ಆ ಹಸ್ತಪ್ರತಿಯನ್ನು ಸುಟ್ಟುಹಾಕಿದ. ಓದುತ್ತಿರುವ ಸೋದರಿಯರೇ, ಒಂದು ಕ್ಷಣ ಯೋಚಿಸಿ. ಪಾತ್ರೆ ತೊಳೆದು, ಮಕ್ಕಳನ್ನು ಮಲಗಿಸಿ, ನಿದ್ದೆಗೆಟ್ಟು ಬರೆದ ಹಾಳೆಗಳು ಬೂದಿಯಾದವು. ಆಕೆ ಮಕ್ಕಳನ್ನು ಕರೆದುಕೊಂಡು ಆ ಮನೆಯಿಂದ ಹೊರಬಿದ್ದರು. 1965ರಿಂದ 1969ರವರೆಗೆ ಬ್ರಿಟಿಷ್ ಮ್ಯೂಸಿಯಂನಲ್ಲಿ ಲೈಬ್ರರಿ ಕೆಲಸ ಮಾಡಿದರು. ಐದು ಮಕ್ಕಳನ್ನು ಸಾಕುತ್ತಲೇ ಲಂಡನ್ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರ ಓದಿದರು. ಬರೆಯುವುದು ಯಾವಾಗ? ಬೆಳಗಿನ ಜಾವ, ಮಕ್ಕಳು ಏಳುವ ಮುನ್ನ.

1972ರಲ್ಲಿ "ಇನ್ ದ ಡಿಚ್" ಎಂಬ ಮೊದಲ ಪುಸ್ತಕ ಬಂತು. 1974ರಲ್ಲಿ "ಸೆಕೆಂಡ್ ಕ್ಲಾಸ್ ಸಿಟಿಜನ್". ಸುಟ್ಟುಹೋದ ಕಾದಂಬರಿಯನ್ನು ನೆನಪಿನಿಂದ ಮತ್ತೆ ಬರೆದರು. "ದ ಬ್ರೈಡ್ ಪ್ರೈಸ್" ಎಂಬ ಹೆಸರಿನಲ್ಲಿ ಅದು 1976ರಲ್ಲಿ ಅಚ್ಚಾಯಿತು. ಬೆಂಕಿ ಹಾಳೆಯನ್ನು ಸುಟ್ಟೀತು, ತಲೆಯೊಳಗಿನದನ್ನು ಸುಡಲಾರದು! 2005ರಲ್ಲಿ ಬ್ರಿಟಿಷ್ ಸರ್ಕಾರ ಅವರಿಗೆ ಓ.ಬಿ.ಇ. ಗೌರವ ಕೊಟ್ಟಿತು. 2017ರ ಜನವರಿಯಲ್ಲಿ ಲಂಡನ್ನಿನಲ್ಲಿ ತೀರಿಕೊಂಡರು.

ಅವರ 1979ರ ಕಾದಂಬರಿ "ದ ಜಾಯ್ಸ್ ಆಫ್ ಮದರ್‌ಹುಡ್". ತಾಯ್ತನದ ಸುಖ ಎಂದು ಹೆಸರಿನ ಅರ್ಥ. ಕಥೆ ಮಾತ್ರ ಎದೆ ಹಿಂಡುತ್ತದೆ. ಮಕ್ಕಳಿಗಾಗಿಯೇ ಬದುಕು ಸವೆಸಿದ ತಾಯಿ ಕೊನೆಗೆ ರಸ್ತೆ ಬದಿಯಲ್ಲಿ ಒಂಟಿಯಾಗಿ ಸಾಯುತ್ತಾಳೆ. ಹತ್ತಿರ ಒಬ್ಬ ಮಗನೂ ಇಲ್ಲ, ಒಬ್ಬ ಗೆಳತಿಯೂ ಇಲ್ಲ. ಹೆತ್ತು ಹೊತ್ತು ದುಡಿಯುವ ಭರದಲ್ಲಿ ಗೆಳತಿಯರನ್ನು ಮಾಡಿಕೊಳ್ಳಲೂ ಅವಳಿಗೆ ಪುರುಸೊತ್ತಿರಲಿಲ್ಲ. ಐದು ಮಕ್ಕಳನ್ನು ಸಾಕಿದ ತಾಯಿಯೇ ಇದನ್ನು ಬರೆದದ್ದರಿಂದ, ತಾಯ್ತನವನ್ನು ಹಳಿದರೆಂದು ಯಾರೂ ಅನ್ನಲಾರರು. ತಾಯಿಗೂ ಒಂದು ಜೀವ ಇದೆ ಎಂದಷ್ಟೇ ಅವರು ಹೇಳಿದ್ದು.

"ಗಟ್ಟಿಗಿತ್ತಿ" ಎಂಬ ಬಿರುದು

"ಅವಳೇನ್ರೀ, ಗಟ್ಟಿಗಿತ್ತಿ. ಹತ್ತು ಕೈಯವಳು." ಈ ಹೊಗಳಿಕೆ ನಿಮ್ಮ ಕಿವಿಗೂ ಬಿದ್ದಿರಬೇಕು. ಕೇಳಲು ಹಿತ. ಆದರೆ ಗಟ್ಟಿಗಿತ್ತಿ ಎಂದು ಹೆಸರಾದ ಮೇಲೆ "ನನಗೆ ಸುಸ್ತಾಗಿದೆ" ಎನ್ನುವ ಹಾಗಿಲ್ಲ. ಹೊಗಳಿದವರೇ ಇನ್ನೊಂದು ಹೊರೆ ತಂದು ತಲೆಯ ಮೇಲಿಡುತ್ತಾರೆ.

ಆಫ್ರಿಕದ ಹೆಂಗಸರಿಗೂ ಈ ಬಿರುದು ಅಂಟಿಕೊಂಡಿದೆ. ಅವರು ಏನನ್ನೂ ತಾಳಿಕೊಳ್ಳುತ್ತಾರೆ, ಅವರಿಗೆ ನೋವು ಕಡಿಮೆ ಎಂದು ಆಸ್ಪತ್ರೆಗಳಲ್ಲಿ ಸಹ ತಿಳಿದವರಿದ್ದಾರೆ. ಇದು ಬರಿಯ ಮಾತಾಗಿ ಉಳಿದಿಲ್ಲ. ಬ್ರಿಟನ್ನಿನ ಲೆಕ್ಕಗಳ ಪ್ರಕಾರ, ಬಸಿರು ಬಾಣಂತನಗಳಲ್ಲಿ ಸಾಯುವ ಅಪಾಯ ಬಿಳಿಯ ಹೆಂಗಸರಿಗಿಂತ ಕಪ್ಪು ಬಣ್ಣದ ಹೆಂಗಸರಿಗೆ ಎರಡು ಪಟ್ಟಿಗೂ ಹೆಚ್ಚು. ಕಾರಣಗಳು ಹಲವು. ಬಡತನ ಒಂದು, ಮೊದಲೇ ಇದ್ದ ಕಾಯಿಲೆ ಒಂದು. "ನೋವಾಗುತ್ತಿದೆ" ಎಂದಾಗ ಯಾರೂ ಕಿವಿಗೊಡಲಿಲ್ಲ ಎನ್ನುವುದೂ ಅಲ್ಲಿಯ ಹೆಂಗಸರು ಮತ್ತೆ ಮತ್ತೆ ಹೇಳಿದ ದೂರು. ಹೊಗಳಿಕೆಯೂ ಜೀವ ತೆಗೆಯಬಲ್ಲದು ನೋಡಿ.

ಅದಕ್ಕೇ ಹೇಳುತ್ತೇನೆ, ಈ ಸೋದರಿಯರನ್ನು ಮೆಚ್ಚಬೇಕಾದದ್ದು ಒಬ್ಬರೇ ಎಲ್ಲವನ್ನೂ ಹೊತ್ತರೆಂದಲ್ಲ. ಹೊರೆಯನ್ನು ಹಂಚಿಕೊಳ್ಳುವ ದಾರಿ ಕಂಡುಕೊಂಡರೆಂದು. ಚೀಟಿ ಹಾಕಿದ್ದು, ಸರದಿಯ ಸಾರು, ಸಾವಿನ ಮನೆಯ ಕೂಟ, ಎಲ್ಲವೂ ಅದೇ. ಹಾಗೆ ಹಂಚಿಕೊಂಡಾಗ ಉಳಿದ ಒಂದು ಗಂಟೆಯಲ್ಲೇ ಒಬ್ಬಳು ಪರೀಕ್ಷೆಗೆ ಓದಿದಳು, ಇನ್ನೊಬ್ಬಳು ಅಂಗಡಿ ತೆರೆದಳು.

ಆ ಸೋದರಿಗೆ, ನಮಗೂ, ನಾಲ್ಕು ಮಾತು

ಅಂಥ ಒಬ್ಬ ಸೋದರಿ ನನ್ನ ಅಡಿಗೆಮನೆಯಲ್ಲಿ ಕಾಫಿ ಕುಡಿಯುತ್ತಾ ಕೂತಿದ್ದರೆ ನಾನು ಏನು ಹೇಳುತ್ತಿದ್ದೆ? ಹೀಗೆ ಹೇಳುತ್ತಿದ್ದೆ:

* ಅಕ್ಕಾ, ಊರಿಗೆ ಕಳಿಸುವ ಹಣಕ್ಕೆ ಒಂದು ಲೆಕ್ಕ ಗೊತ್ತುಮಾಡಿಕೊಳ್ಳಿ, ಅದನ್ನು ಊರಿನವರಿಗೂ ತಿಳಿಸಿಬಿಡಿ. ತಿಂಗಳಿಗೆ ಸ್ವಲ್ಪವಾದರೂ ನಿಮ್ಮ ಹೆಸರಿನಲ್ಲೇ ಇರಲಿ. ಅದು ಸ್ವಾರ್ಥವಲ್ಲ, ಬಿತ್ತನೆ ಬೀಜ. ಎಲ್ಲ ಕಾಳನ್ನೂ ಉಂಡರೆ ಮುಂದಿನ ವರ್ಷ ಬಿತ್ತುವುದೇನು?

* ಚೀಟಿಗೆ ಮುಖ ಪರಿಚಯ ಸಾಲದು, ಮನೆ ಪರಿಚಯ ಇರುವವರೊಡನೆ ಮಾತ್ರ ಸೇರಿ. ಎಷ್ಟೇ ಸಲಿಗೆಯಿರಲಿ, ಒಂದು ನೋಟುಬುಕ್ಕಿನಲ್ಲಿ ಬರೆದಿಡಿ.

* ಹಳೆಯ ವಿದ್ಯೆಯನ್ನು ಪೆಟ್ಟಿಗೆಯಲ್ಲಿ ಬಿಡಬೇಡಿ. ವರ್ಷಕ್ಕೆ ಒಂದೇ ಮೆಟ್ಟಿಲು ಸಾಕು. ಈ ವರ್ಷ ಅರ್ಜಿ, ಬರುವ ವರ್ಷ ಪರೀಕ್ಷೆ. ದಿನಕ್ಕೆ ಅರ್ಧ ಗಂಟೆ ನಿಮ್ಮದು ಎಂದು ಮನೆಯವರಿಗೆ ಹೇಳಿ. ಮಕ್ಕಳು ಅಮ್ಮ ಓದುವುದನ್ನು ನೋಡಲಿ.

* ಪ್ರಾರ್ಥನೆಗೆ, ಹಬ್ಬದ ರಜಕ್ಕೆ ಮುಂಚೆಯೇ ಬರೆದು ಕೇಳಿ. ದೇವಸ್ಥಾನದ್ದೇ ಆಗಲಿ ಚರ್ಚಿನದೇ ಆಗಲಿ, ಮೂರು ಕೆಲಸ ಒಪ್ಪಿಸಿದರೆ ಒಂದನ್ನು ಒಪ್ಪಿ, ಎರಡನ್ನು "ಈ ಸಲ ಆಗುವುದಿಲ್ಲ" ಅನ್ನಿ. ದೇವರು ಹಾಜರಿ ಹಾಕುವುದಿಲ್ಲ.

* ಮೈಯಲ್ಲಿ ನೋವಿದ್ದರೆ ಡಾಕ್ಟರಿಗೆ ಒಂದು ಸಲ ಹೇಳಿ, ಕೇಳಿಸಿಕೊಳ್ಳದಿದ್ದರೆ ಎರಡನೆಯ ಸಲ ಜೋರಾಗಿ ಹೇಳಿ. ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಿ.

* ಮಕ್ಕಳೊಡನೆ ನಿಮ್ಮ ತಾಯಿನುಡಿಯಲ್ಲೇ ಮಾತಾಡಿ. ಹೊರಗೆ ಇಂಗ್ಲಿಷ್ ತಾನಾಗಿ ಬರುತ್ತದೆ. ಅಜ್ಜಿಯ ಮಾತು ಮನೆಯಲ್ಲಿ ಮಾತ್ರ ಸಿಗುವುದು.

ನಮ್ಮ ಬಾಗಿಲಿಗೂ ಬಂದಿದ್ದಾರೆ

ಕಾಫಿ ಕುಡಿಯುತ್ತಾ ಕೂರುವ ಮಾತು ಬರಿಯ ಕಲ್ಪನೆಯಲ್ಲ. ಅಷ್ಟು ದೂರವೇಕೆ, ನಮ್ಮ ಬೆಂಗಳೂರಿಗೂ ಆಫ್ರಿಕದ ಹುಡುಗಿಯರು ಓದಲು ಬರುತ್ತಾರೆ. 2016ರ ಜನವರಿ 31ರ ರಾತ್ರಿ ಅಲ್ಲಿ ನಡೆದದ್ದು ನಿಮಗೆ ನೆನಪಿದ್ದೀತು. ಬೇರೆ ಯಾರೋ ಓಡಿಸಿದ ಕಾರಿನಿಂದ ನಮ್ಮ ಹೆಂಗಸೊಬ್ಬಳು ಸತ್ತಳು. ಆ ಸಿಟ್ಟಿನಲ್ಲಿದ್ದ ಗುಂಪು, ಆಮೇಲೆ ಆ ದಾರಿಯಲ್ಲಿ ಬಂದ, ಅದಕ್ಕೆ ಸಂಬಂಧವೇ ಇಲ್ಲದ ಟಾಂಜಾನಿಯದ ವಿದ್ಯಾರ್ಥಿನಿಯೊಬ್ಬಳ ಮೇಲೆ ಬಿತ್ತು. ಬಣ್ಣ ಒಂದೇ ಎಂಬುದೊಂದೇ ಅವಳ ತಪ್ಪು. ನಮ್ಮ ಮಕ್ಕಳು ಪರದೇಶದ ಬೀದಿಯಲ್ಲಿ ಕ್ಷೇಮವಾಗಿರಲಿ ಎಂದು ಹರಸುವ ನಾವು, ನಮ್ಮ ಬೀದಿಗೆ ಬಂದ ಇನ್ನೊಬ್ಬ ತಾಯಿಯ ಮಗಳನ್ನು ಹೇಗೆ ನೋಡಬೇಕು? ಇದನ್ನು ನಮ್ಮ ಗಂಡುಮಕ್ಕಳಿಗೆ ಕಲಿಸಬೇಕಾದವರು ಯಾರು? ನಾವೇ.

ಬೆಂಗಳೂರಿನಲ್ಲಿ ಓದುವ ನಿಮ್ಮ ಮಗಳ ಹಾಸ್ಟೆಲಿನಲ್ಲಿ, ಮಗನ ಕಾಲೇಜಿನಲ್ಲಿ ಅಂಥ ಒಬ್ಬಳಿದ್ದರೆ, ಹಬ್ಬಕ್ಕೆ ಮನೆಗೆ ಕರೆದುಕೊಂಡು ಬಾ ಅನ್ನಿ. ಎಲೆ ಹಾಕಿ ಬಡಿಸಿ. ಊಟಕ್ಕೆ ಕೈ ಹಾಕುವುದು ಅವಳಿಗೆ ಹೇಳಿಕೊಡಬೇಕಾಗಿಲ್ಲ. ಮುದ್ದೆ ಬಡಿಸಿದರಂತೂ ತಮ್ಮೂರಿನ ಉಂಡೆಯ ನೆನಪಾಗಿ ಅವಳ ಮುಖ ಅರಳಿದರೂ ಅರಳೀತು. ಊಟವಾದ ಮೇಲೆ ಹತ್ತಿರ ಕೂರಿಸಿಕೊಂಡು ಕೇಳಿ: "ನಿಮ್ಮಮ್ಮ ಹೇಗಿದ್ದಾರಮ್ಮಾ?" ಪರವೂರಿನಲ್ಲಿರುವ ಹೆಣ್ಣುಮಗಳಿಗೆ ಈ ಒಂದು ಮಾತಿಗಿಂತ ದೊಡ್ಡ ಧೈರ್ಯ ಬೇರೆ ಬೇಕಿಲ್ಲ.